ಕುಪ್ಪನ ಎರಡನೆಯ ಏಟು

ಓಟಿನ ದಿನ ಗೊತ್ತಾದ ಕೂಡಲೇ ನಮ್ಮ ಕೇರಿಯಲ್ಲಿ ಕೋವಿ ಇದ್ದವರೆಲ್ಲ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಯ್ದು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಬೆಳೆ ಕಾಯಲು ಕೊಟ್ಟ ಕೋವಿಯಾದರೂ ಅಷ್ಟೇ. ಓಟು ಮುಗಿಯುವ ತನಕ ಅದು ಮನೆಯಲ್ಲಿ ಇರುವಂತಿಲ್ಲ. ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿ ಹೋಗುತ್ತಾರೆ. ಕುಪ್ಪನೂ ಅದೇ ಬಸ್ಸಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಕೋವಿ ಇರುವುದಿಲ್ಲ, ಆಧಾರ್ ಕಾರ್ಡು ಇರುತ್ತದೆ. ಸ್ಟೇಷನ್ನಿನ ಅಂಗಳದಲ್ಲಿ ಆ ದಿನ ಎರಡು ಸಾಲು. ಒಂದು, ಕೋವಿ ಇಡುವವರದು. ಇನ್ನೊಂದು, ಹಿಂದೆ ಹೊಡೆದಾಟದ ಕೇಸಿನಲ್ಲಿ ಸಿಕ್ಕವರು ಗಲಾಟೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಲು ನಿಲ್ಲುವುದು. ಕುಪ್ಪ ನಿಲ್ಲುವುದು ಈ ಎರಡನೆಯ ಸಾಲಿನಲ್ಲಿ.

"ಅವ್ರು ಕೋವಿ ಇಟ್ ಬರ್ತ್ರು. ನಾ ನನ್ನೇ ಇಟ್ ಬರ್ತೆ" ಎಂದು ಬಸ್ಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ತಾನು ನಗುವುದಿಲ್ಲ. ಕುಳಿತ ಸೀಟಿನಿಂದ ಎದ್ದು ಕಂಬಿ ಹಿಡಿದು ನಿಲ್ಲುತ್ತಾನೆ, ಮತ್ತೆ ಕುಳಿತುಕೊಳ್ಳುತ್ತಾನೆ.

ಅವನ ಸ್ವಂತ ಕೋವಿಯೂ ಅದೇ ಸ್ಟೇಷನ್ನಿನ ಒಳಕೋಣೆಯಲ್ಲಿದೆ. ಅದು ಅಲ್ಲಿ ಹೋಗಿ ಹನ್ನೊಂದು ವರ್ಷವಾಯಿತು. ಅದನ್ನು ಮನೆಗೆ ತರಬೇಕು ಎಂಬುದು ಬಿಟ್ಟರೆ ಬೇರೆ ಯೋಚನೆ ಅವನಿಗಿಲ್ಲ.

ಕುಪ್ಪನಿಗೆ ಈಗ ಅರವತ್ತೊಂದು. ನಮ್ಮನೆಯವರಿಗಿಂತ ಒಂಬತ್ತು ವರ್ಷ ಚಿಕ್ಕವನು. ಅವರನ್ನು ಅಣ್ಣ ಎನ್ನುತ್ತಿದ್ದ, ಹಾಗಾಗಿ ನಾನು ಅತ್ತಿಗೆ. ಗುಡ್ಡದ ಬುಡಕ್ಕೆ ಅವನ ಗದ್ದೆ, ಅದರ ಕೆಳಗೆ ನನ್ನದು, ನನ್ನದರ ಕೆಳಗೆ ಲಿಂಗಪ್ಪನದು. ಮೂವರದ್ದೂ ಮಳೆಗಾಲದಲ್ಲಿ ಭತ್ತ, ಆಮೇಲೆ ಶೇಂಗಾ, ಅಂಚಿನಲ್ಲಿ ಗೆಣಸು. ಗುಡ್ಡದಿಂದ ಇಳಿಯುವ ಹಂದಿಗೆ ಮೊದಲು ಸಿಗುವುದು ಕುಪ್ಪನ ಗದ್ದೆ. ಅದಕ್ಕೇ ಅವನ ಅಪ್ಪನ ಕಾಲದಲ್ಲಿ ಸರಕಾರ ಆ ಮನೆಗೊಂದು ಕೇಪಿನ ಕೋವಿಗೆ ಲೈಸೆನ್ಸು ಕೊಟ್ಟಿತ್ತು. ಅಪ್ಪ ಸತ್ತ ಮೇಲೆ ಅದು ಕುಪ್ಪನ ಹೆಸರಿಗೆ ಆಯಿತು.

ಆ ಕೋವಿಯ ಕೆಲಸ ನಾನು ನೋಡಿದ್ದೇನೆ. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು. ತೆಂಗಿನ ನಾರು ತುರುಕಿ ಗಜ ಎಂಬ ಉದ್ದ ಸರಳಿನಿಂದ ಜಡಿಯಬೇಕು. ಆಮೇಲೆ ಸೀಸದ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕುದುರೆ ಎನ್ನುವ ಕೊಕ್ಕೆಯ ಕೆಳಗೆ ಸಿಡಿಯುವ ಕೇಪು ಇಡಬೇಕು. ಇಷ್ಟಾದ ಮೇಲೆ ಒಂದು ಈಡು. ಕುಪ್ಪ ಹೆಚ್ಚಾಗಿ ಚರೆ ಹಾಕುತ್ತಲೇ ಇರಲಿಲ್ಲ. ಹಂದಿ ಕೊಲ್ಲಬೇಕಾದರೆ ಅರಣ್ಯದವರ ಕಾಗದ ಬೇರೆ ಬೇಕು. ಅವನಿಗೆ ಬೇಕಿದ್ದದ್ದು ಸದ್ದು ಮಾತ್ರ. ಒಂದು ಸದ್ದಿಗೆ ಹದಿನೈದು ದಿನ ಮೂವರ ಗದ್ದೆಗೂ ಹಂದಿ ಇಳಿಯುತ್ತಿರಲಿಲ್ಲ.

ಹೊಡೆದಾಟ ಆದದ್ದು ಕೋವಿಯಿಂದಲ್ಲ. ಶೇಂಗಾ ಹೂ ಬಿಟ್ಟ ಹೊತ್ತು. ಗದ್ದೆಗೆ ನೀರು ಹಾಯಿಸಲು ಹಳ್ಳಕ್ಕೆ ಮಣ್ಣು, ಸೊಪ್ಪು ಹಾಕಿ ಕಟ್ಟು ಕಟ್ಟುತ್ತೇವೆ. ಕಟ್ಟು ಇದ್ದಷ್ಟು ಹೊತ್ತು ಕೆಳಗಿನವರಿಗೆ ನೀರಿಲ್ಲ. ಅದಕ್ಕೆ ಪಾಳಿ. ಆ ದಿನ ಮಧ್ಯಾಹ್ನದವರೆಗೆ ಕುಪ್ಪನ ಪಾಳಿ. ಅದು ಮುಗಿಯುವ ಮೊದಲೇ ಲಿಂಗಪ್ಪನೂ ಅವನ ತಮ್ಮ ವಿನೋದನೂ ಹಾರೆ ಹಿಡಿದು ಬಂದು ಕಟ್ಟು ಒಡೆಯತೊಡಗಿದರು. ನಾನು ನನ್ನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ, ಇಪ್ಪತ್ತು ಹೆಜ್ಜೆ ದೂರ. ಕುಪ್ಪ ಕಟ್ಟಿಗೆ ಸೊಪ್ಪು ಕಡಿಯುತ್ತಿದ್ದ. ಕತ್ತಿ ಕೈಯಲ್ಲೇ ಇತ್ತು. ಮಾತಿಗೆ ಮಾತು ಬೆಳೆಯಿತು. ಲಿಂಗಪ್ಪ ಹಾರೆಯನ್ನು ಕುಪ್ಪನ ತಲೆಯ ಮೇಲೆ ಎತ್ತಿದ. ಕುಪ್ಪ ಕತ್ತಿ ಬೀಸಿದ. ಹಾರೆ ಹಿಡಿದ ಬಲಗೈಯ ಎರಡು ಬೆರಳು ಹೋದವು. ಹಾರೆ ನೀರಿಗೆ ಬಿತ್ತು. ಲಿಂಗಪ್ಪ ತಿರುಗಿ ಓಡಲು ಹೊರಟ. ಕುಪ್ಪ ಇನ್ನೊಂದು ಸಲ ಬೀಸಿದ. ಅದು ಬೆನ್ನಿನ ಮೇಲೆ, ಹೆಗಲಿನ ಕೆಳಗೆ. ವಿನೋದ ಕೂಗುತ್ತ ಓಡಿಹೋದ.

ಕೋರ್ಟಿನಲ್ಲಿ ನನ್ನನ್ನು ಸಾಕ್ಷಿಗೆ ಕರೆದರು. ಎಷ್ಟು ಏಟು ಎಂದು ಕೇಳಿದರು. ಎರಡು ಎಂದೆ. ಎರಡನೆಯ ಏಟಿನ ಹೊತ್ತಿಗೆ ಹಾರೆ ಎಲ್ಲಿತ್ತು ಎಂದು ಕೇಳಿದರು. ನೀರಿನಲ್ಲಿತ್ತು ಎಂದೆ.

ಹೊರಗೆ ಬಂದ ಮೇಲೆ ಕುಪ್ಪನ ವಕೀಲರು ಅವನಿಗೆ ಹೇಳಿದ್ದು ನನಗೂ ಕೇಳಿಸಿತು. "ಮೊದಲ್ನೇ ಏಟು ಜೀವ ಉಳಿಸ್ಕೊಳ್ಳೂಕೆ ಹೊಡ್ದಿದ್ದು ಅನ್ಬಹುದು, ಕಾನೂನು ಬಿಡ್ತದೆ. ಎರಡ್ನೇದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ ಕುಪ್ಪ."

ಮೂರು ವರ್ಷ ಶಿಕ್ಷೆ ಆಯಿತು. ಕೇಸು ಬಿದ್ದ ವಾರದಲ್ಲೇ ಪೊಲೀಸರು ಬಂದು ಗೋಡೆಯ ಮೇಲಿದ್ದ ಕೋವಿಯನ್ನು ಒಯ್ದಿದ್ದರು, ಶಿಕ್ಷೆ ಆದ ಮೇಲೆ ಲೈಸೆನ್ಸು ರದ್ದಾಯಿತು. ಕುಪ್ಪನಿಗೆ ಇವತ್ತಿಗೂ ತಲೆಗೆ ಹೋಗದ ಮಾತು ಅದೇ.

"ಆ ದಿನ ಕೋವಿ ಗೋಡೆ ಬಿಟ್ಟು ಇಳಿದೇ ಇಲ್ಲ. ಮಾಡಿದ್ದೆಲ್ಲ ಕತ್ತಿ. ಆ ಒಂದು ಕತ್ತಿ ಕೋರ್ಟಿಗೆ ಹೋತು, ಮನೇಲಿ ಇನ್ನೂ ನಾಕು ಇದ್ದೋ. ಅದ್ನ ಯಾರೂ ಕೇಳೂಕೆ ಬರ್ಲಿಲ್ಲ. ಏನೂ ಮಾಡದ ಕೋವಿ ಮಾತ್ರ ಒಳಗೆ!"

ಧಾರವಾಡದ ಜೈಲಿನಲ್ಲಿ ಅವನಿಗೆ ಅಡಿಗೆಮನೆಯ ಕೆಲಸ ಕೊಟ್ಟಿದ್ದರು. ಅನ್ನ ಉಂಡು ಬೆಳೆದ ಕುಪ್ಪ ತಿರುಗಿ ಬರುವಾಗ ಗುಂಡಗೆ ಚಪಾತಿ ಲಟ್ಟಿಸಲು ಕಲಿತು ಬಂದಿದ್ದ. ಹೆಂಡತಿ ಗಣಪಿ ನಾಲ್ಕು ಮನೆಗೆ ಹೇಳಿಕೊಂಡು ಬಂದಳು: "ಮೂರು ವರ್ಷ ಓದಿದ್ದಕ್ಕೆ ಇಷ್ಟಾದ್ರೂ ಬಂತು ನೋಡಿ."

ಆದರೆ ಬಂದವನು ಮೊದಲಿನ ಕುಪ್ಪನಾಗಿರಲಿಲ್ಲ. ಅವನು ಬಂದ ತಿಂಗಳಲ್ಲೇ ವಿನೋದ ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ, ಎರಡು ಬೆರಳಿಗೆ ಎರಡು ಕೈ ತೆಗೆದೇ ತೆಗೆಯುತ್ತೇನೆ ಎಂದಿದ್ದ. ಕುಪ್ಪನ ಹೆಂಚಿನ ಮಾಡಿನ ಮೇಲೆ ಎರಡು ಸಲ ಕಲ್ಲು ಬಿತ್ತು. ಯಾರು ಎಸೆದರೆಂದು ನಾನು ನೋಡಲಿಲ್ಲ, ಆದ್ದರಿಂದ ಹೇಳುವುದಿಲ್ಲ. ಅಂದಿನಿಂದ ಕುಪ್ಪ ಜಗಲಿಯಲ್ಲಿ ಕೂರುವುದಾದರೆ ಬೆನ್ನನ್ನು ಗೋಡೆಗೆ ಕೊಟ್ಟು, ದಾರಿಗೆ ಮುಖ ಮಾಡಿಯೇ ಕೂರುತ್ತಾನೆ. ನಮ್ಮ ಮನೆಗೆ ಬಂದರೂ ಹಾಗೇ. ಊಟದ ನಡುವೆ ನಾಯಿ ಬೊಗಳಿದರೆ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋಗಿ ನೋಡಿ ಬರುತ್ತಾನೆ. ಒಂದು ದಿನ ನಾನೇ ಎಣಿಸಿದೆ, ಒಂದು ಊಟಕ್ಕೆ ಆರು ಸಲ ಎದ್ದ.

"ಇಂವ್ನ ಹೊಟ್ಟೆಗೆ ಅನ್ನ ಇಳಿಯೂದ್ ಹೆಂಗೆ ಹೇಳಿ" ಎನ್ನುತ್ತಿದ್ದಳು ಗಣಪಿ.

"ಕೋವಿ ಗೋಡೆ ಮೇಲಿದ್ರೆ ಕೂತು ಉಣ್ತೆ" ಎನ್ನುತ್ತಿದ್ದ ಅವನು.

ಕೋವಿಯನ್ನು ಹೆಂಡತಿಯ ಹೆಸರಿಗೆ ಮಾಡಿಸಬಹುದೇ ಎಂದು ಒಮ್ಮೆ ಯಾರೋ ಕೇಳಿದ್ದರು. ಗಣಪಿ ಕೈ ಮುಗಿದಳು. "ನಂಗೆ ಬೇಡ. ನಾಳೆ ಅದ್ರ ಜತೆಗೆ ನನ್ನೂ ಕರ್ಕಂಡು ಹೋಗ್ತ್ರು. ಆಮೇಲೆ ಇಂವ್ನ ಚಪಾತಿ ತಿಂಬೂಕೆ ಯಾರು?"

ಪ್ರತಿ ವರ್ಷ ನವಮಿಯ ದಿನ ಬೆಳಿಗ್ಗೆ ಕುಪ್ಪ ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ, ಒಂದು ಹಳೆ ಪಂಚೆಯ ತುಂಡು, ನಾಲ್ಕು ಗೊಂಡೆ ಹೂ ಹಿಡಿದು ಸ್ಟೇಷನ್ನಿಗೆ ಹೋಗುತ್ತಾನೆ. ಅಲ್ಲಿ ಆ ದಿನ ಆಯುಧ ಪೂಜೆ. ಬಂದೂಕು, ಜೀಪು, ಲಾಠಿ ಎಲ್ಲಕ್ಕೂ ಕುಂಕುಮ. ಮುಖ್ಯ ಪೇದೆ ನಿತ್ಯಾನಂದ ಭಟ್ಕಳದ ಬದಿಯವನು, ಬಾಯಿ ಜೋರು, ಮನುಷ್ಯ ಒಳ್ಳೆಯವನು. ಅವನು ಒಳಗಿನಿಂದ ಕುಪ್ಪನ ಕೋವಿ ತಂದು ಮೆಟ್ಟಿಲ ಮೇಲೆ ಇಡುತ್ತಾನೆ. ಕುಪ್ಪ ಅದನ್ನು ಎತ್ತುವಂತಿಲ್ಲ. ಮೆಟ್ಟಿಲ ಮೇಲೆ ಇದ್ದಂತೆಯೇ ಎಣ್ಣೆ ಹಾಕಿ ಒರೆಸಿ, ಹೂ ಇಟ್ಟು, ಎದ್ದು ನಿಲ್ಲಬೇಕು. ಅಷ್ಟಕ್ಕೇ ಅವನು ಹೋಗಿ ಬರುತ್ತಾನೆ.

ಶಿಕ್ಷೆ ಮುಗಿದು ಐದು ವರ್ಷ ಕಳೆದರೆ ಮತ್ತೆ ಅರ್ಜಿ ಹಾಕಬಹುದು ಎಂದು ಹೇಳಿದ್ದೂ ನಿತ್ಯಾನಂದನೇ. ಕೊಡಲೇಬೇಕು ಎಂದೇನಿಲ್ಲ, ಅರ್ಜಿ ಹಾಕಬಹುದು ಅಷ್ಟೇ ಎಂದೂ ಹೇಳಿದ್ದ. ಕುಪ್ಪ ಮೊದಲನೆಯ ಮಾತನ್ನು ಮಾತ್ರ ಇಟ್ಟುಕೊಂಡ. ಬಿಡುಗಡೆಯ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರೇಷನ್ ಕಾರ್ಡಿನ ಜತೆ ಇಟ್ಟಿದ್ದ. ಐದು ವರ್ಷ ಮುಗಿದ ಮಾರನೆಯ ದಿನವೇ ಹೊನ್ನಾವರಕ್ಕೆ ಹೊರಟ. ನನಗೂ ತಾಲೂಕು ಕಚೇರಿಯಲ್ಲಿ ಕೆಲಸವಿತ್ತು, ಜತೆಗೆ ಹೋದೆ.

ಕಚೇರಿಯ ಹೊರಗೆ ಜಯಂತಿ ಎಂಬ ಹೆಂಗಸು ಅರ್ಜಿ ಟೈಪ್ ಮಾಡಿಕೊಡುತ್ತಾಳೆ. ಅವಳು ಕೇಳುತ್ತ ಹೋದಳು, ಕುಪ್ಪ ನಿಂತುಕೊಂಡೇ ಹೇಳುತ್ತ ಹೋದ. ಒಂದು ಪ್ರಶ್ನೆಯಲ್ಲಿ ಇಬ್ಬರೂ ಸಿಕ್ಕಿಕೊಂಡರು.

"ಆಯುಧ ಎಂತಕ್ಕೆ ಬೇಕು? ಬೆಳೆ ರಕ್ಷಣೆ ಅಂತ ಹಾಕ್ತೆ."

"ಪ್ರಾಣ ರಕ್ಷಣೆ ಅಂತ್ಲೂ ಹಾಕಿ."

"ಬೇಡ ಮಾರಾಯ. ಕೇಸ್ ಆದವ್ರು ಪ್ರಾಣದ ಮಾತು ಬರೆದ್ರೆ ಮೇಲಿನವ್ರು ಬೇರೆನೇ ತಿಳೀತ್ರು. ಹಂದಿ ಮೇಲೆ ಹಾಕಿ ಬಿಡು."

"ಹಂದಿ ನಂಗೆ ಕಲ್ ಹೊಡೀಲಿಲ್ಲ ಜಯಂತಿಬಾಯಿ. ಇದ್ದದ್ದು ಬರೀರಿ. ಶಿಕ್ಷೆ ತಿಂದಂವಂಗೆ ಪ್ರಾಣ ಇರೂದಿಲ್ವಾ? ಅಂವ ಬಂದು ಕೈ ತೆಗ್ದ್ರೆ ಕೋವಿ ಇನ್ನೂ ಸಿಗ್ಲಿಲ್ಲ ಇರು ಅಂಬೂಕೆ ಆಗ್ತದಾ?"

ಜಯಂತಿ ನನ್ನ ಮುಖ ನೋಡಿದಳು. ಅವಳು ಎರಡನ್ನೂ ಟೈಪ್ ಮಾಡಿದಳು. ಯಾರಿಂದ ಭಯ ಎಂಬಲ್ಲಿ ಲಿಂಗಪ್ಪ ಮತ್ತು ವಿನೋದ ಎಂದು ಹೆಸರು ಹಾಕಿಸಿದ ಕುಪ್ಪ.

ಮಳೆಗಾಲ ಕಳೆಯಿತು. ಅರ್ಜಿ ಎಲ್ಲಿದೆ ಎಂದು ವಾರಕ್ಕೊಮ್ಮೆ ಹೋಗಿ ಕೇಳಿ ಬರುತ್ತಿದ್ದ. ಡಿಸೆಂಬರಿನಲ್ಲಿ ಶೇಂಗಾ ಬಿತ್ತಿದೆವು. ಆ ವರ್ಷ ಹಂದಿಗಿಂತ ಮಂಗ ಹೆಚ್ಚು. ಬಿತ್ತಿದ ಬೀಜವನ್ನೇ ಸಾಲು ಹಿಡಿದು ಕೆದರಿ ತಿನ್ನುತ್ತಿದ್ದವು. ಕವಣೆಗೆ ಹೆದರುವುದಿಲ್ಲ, ನಾಯಿಗೆ ಹೆದರುವುದಿಲ್ಲ. ಕೋವಿಯನ್ನು ಮಾತ್ರ ಅವು ದೂರದಿಂದಲೇ ಗುರುತು ಹಿಡಿಯುತ್ತವೆ. ಹೆಗಲಿಗೆ ಏರಿಸಿದರೆ ಸಾಕು, ಗುಡ್ಡ ಹತ್ತುತ್ತವೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಹಾಗಾಗಿ ಕುಪ್ಪ ಮರದ ಕೋವಿ ಮಾಡಿದ. ಮತ್ತಿ ಮರದ ಹಲಗೆ ಕೆತ್ತಿ ಹಿಡಿಕೆ, ನೀರಿನ ಕರಿ ಪೈಪಿನದು ನಳಿಗೆ, ಛತ್ರಿಯ ಕಡ್ಡಿಯದು ಗಜ. ಕುದುರೆಯ ಜಾಗಕ್ಕೆ ಕೊಡೆಯ ಹಿಡಿಯ ಕೊಕ್ಕೆ ಕೂರಿಸಿದ್ದ. ಹತ್ತು ದಿನ ಅದರ ಮೇಲೇ ಕುಳಿತಿದ್ದ. ಅವನು ಒಂದು ಕಡೆ ಅಷ್ಟು ಹೊತ್ತು ಕುಳಿತದ್ದನ್ನು ನಾನು ನೋಡಿದ್ದು ಆಗಲೇ. ನನಗೆ ತೋರಿಸಲು ತಂದಾಗ ಹತ್ತಿರದಿಂದ ನೋಡಿದರೂ ಒಂದು ಗಳಿಗೆ ನಿಜದ್ದೇ ಎಂದು ತಿಳಿದೆ.

"ಕುಪ್ಪ, ಇದ್ನ ಯಾರಾದ್ರೂ ನೋಡ್ದ್ರೆ?" ಎಂದೆ.

"ಮಂಗ ನೋಡ್ಲಿ ಅಂತ್ಲೇ ಮಾಡಿದ್ದು ಅತ್ತಿಗೆ. ಮರಕ್ಕೂ ಲೈಸೆನ್ಸ್ ಬೇಕಾ?"

ಹನ್ನೊಂದು ದಿನ ಮಂಗಗಳು ಓಡಿದವು. ಹನ್ನೆರಡನೆಯ ದಿನ ಓಡಲಿಲ್ಲ. ಅಂಚಿನ ಮೇಲೆ ಕುಳಿತು ಅವನನ್ನೇ ನೋಡುತ್ತಿದ್ದವು. ಸದ್ದಿಲ್ಲದ ಕೋವಿ ಎಂದು ಅವಕ್ಕೆ ತಿಳಿದುಹೋಯಿತು. ಕುಪ್ಪ ಮನೆಗೆ ಹೋಗಿ ದೀಪಾವಳಿಯಲ್ಲಿ ಉಳಿದಿದ್ದ ದೊಡ್ಡ ಪಟಾಕಿ ತಂದ. ಅಂಚಿನ ಕಲ್ಲಿನ ಮೇಲೆ ಅದನ್ನಿಟ್ಟು ಬತ್ತಿಗೆ ಬೆಂಕಿ ಕೊಟ್ಟು, ಎರಡು ಹೆಜ್ಜೆ ಹಿಂದೆ ಬಂದು, ಮರದ ಕೋವಿಯನ್ನು ಹೆಗಲಿಗೆ ಏರಿಸಿ ಗುರಿ ಹಿಡಿದು ನಿಂತ. ಸದ್ದು ಕೋವಿಯಿಂದಲೇ ಬಂತು ಎಂದು ಮಂಗ ತಿಳಿಯಬೇಕು, ಅದು ಅವನ ಎಣಿಕೆ.

ಅದೇ ಹೊತ್ತಿಗೆ ಲಿಂಗಪ್ಪ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ತನ್ನ ಗದ್ದೆಯ ಅಂಚಿನ ಮೇಲೆ ಬರುತ್ತಿದ್ದ. ಮಂಗಗಳು ಇದ್ದದ್ದು ನನ್ನ ಗದ್ದೆಯಲ್ಲಿ, ಅವನಿಗೂ ಕುಪ್ಪನಿಗೂ ನಡುವೆ. ಕುಪ್ಪನ ಕಣ್ಣು ಮಂಗಗಳ ಮೇಲಿತ್ತು. ಲಿಂಗಪ್ಪನಿಗೆ ಕಂಡದ್ದು ಕೋವಿಯ ಬಾಯಿ ತನ್ನ ಕಡೆಗೆ ಇದ್ದದ್ದು. ಪಟಾಕಿ ಒಡೆಯಿತು. ಹೊರೆ ಒಂದು ಕಡೆ ಹಾರಿತು, ಲಿಂಗಪ್ಪ ಇನ್ನೊಂದು ಕಡೆ ಹಳ್ಳಕ್ಕೆ ಬಿದ್ದ.

"ಹೊಡೆದ! ಕುಪ್ಪ ಹೊಡೆದ! ಸತ್ತೆ!" ಎಂದು ಕೆಸರಿನಲ್ಲಿ ಹೊರಳುತ್ತ ಕೂಗಿದ.

ನಾನು ಓಡಿದೆ. ರಕ್ತ ಇರಲಿಲ್ಲ. ಎಡಗಾಲಿನ ಹರಡು ಉಬ್ಬಿತ್ತು. ಕುಪ್ಪ ನಿಂತಲ್ಲೇ ನಿಂತಿದ್ದ, ಮರದ ಕೋವಿ ಇನ್ನೂ ಹೆಗಲ ಮೇಲೇ ಇತ್ತು. "ಇಳ್ಸಾ ಅದ್ನ!" ಎಂದು ನಾನು ಬೈದ ಮೇಲೆ ಇಳಿಸಿದ.

ಮಧ್ಯಾಹ್ನಕ್ಕೆ ಜೀಪು ಬಂತು. ಶಿಕ್ಷೆಯಾದವನ ಕೈಯಲ್ಲಿ ಕೋವಿ ಎಂದು ಫೋನು ಹೋಗಿತ್ತು. ಕುಪ್ಪನನ್ನೂ ಮರದ ಕೋವಿಯನ್ನೂ ಹತ್ತಿಸಿಕೊಂಡರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಲಿಂಗಪ್ಪ ರಿಕ್ಷಾದಲ್ಲಿ ಬಂದ. ಕಂಡವಳೆಂದು ನನ್ನನ್ನೂ ಕರೆದರು.

ಸ್ಟೇಷನ್ನಿನ ಬೆಂಚಿನ ಈ ತುದಿಗೆ ಕುಪ್ಪ, ಆ ತುದಿಗೆ ಲಿಂಗಪ್ಪ, ನಡುವೆ ನಾನು. ಗದ್ದೆ ಇದ್ದ ಹಾಗೇ. ಮೇಜಿನ ಮೇಲೆ ಮರದ ಕೋವಿ. ನಿತ್ಯಾನಂದ ಅದರ ಪೈಪಿನೊಳಗೆ ಬೆರಳು ಹಾಕಿ ನೋಡಿದ.

"ಲಿಂಗಪ್ಪ, ಎಂತ ಬರೀಲಿ ಹೇಳು. ಕೋವಿಂದ ಹೊಡ್ದ ಅಂತ ಬರ್ಯೂಕೆ ಇದು ಪೈಪು."

"ಹೆದ್ರಿಸ್ದ ಅಂತ ಬರೀರಿ."

"ಅಂವ ಮಂಗಕ್ಕೆ ಹೆದ್ರಿಸಿದ್ದು."

"ಹಂಗಾರೆ ನಾ ಮಂಗನಾ ಸಾಹೇಬ್ರೆ?"

ಬಾಗಿಲಲ್ಲಿ ನಿಂತಿದ್ದ ಪೇದೆ ಬಾಯಿಗೆ ಕೈ ಅಡ್ಡ ಹಿಡಿದ. ನಿತ್ಯಾನಂದ ನಗಲಿಲ್ಲ. ಕುಪ್ಪನ ಕಡೆ ತಿರುಗಿದ. "ನಿಂಗೆ ತಲೆ ಇದ್ಯಾ? ನಿನ್ನ ಅರ್ಜಿ ವಿಚಾರಣೆಗೆ ನನ್ನ ಮೇಜಿಗೇ ಬಂದು ಕೂತಿದೆ. ನೆರೆಯವ್ರ ಹೇಳಿಕೆ ತೆಗ್ದು ಕಳಿಸ್ಬೇಕು. ಇವತ್ತು ಲಿಂಗಪ್ಪ ದೂರಿಗೆ ಒಂದ್ ಸಹಿ ಹಾಕಿದ್ರೆ ಆತು, ನಿನ್ನ ಕೋವಿ ಸತ್ತಂಗೆ. ಮರದ್ದಾಗ್ಲಿ ಕಬ್ಬಿಣದ್ದಾಗ್ಲಿ." ಆಮೇಲೆ ಅರ್ಜಿಯನ್ನು ತೆಗೆದು ಗಟ್ಟಿಯಾಗಿ ಓದಿದ. ಲಿಂಗಪ್ಪ ಮತ್ತು ವಿನೋದ ಇವರಿಂದ ಪ್ರಾಣಭಯ ಇರುವುದರಿಂದ, ಎಂಬಲ್ಲಿಗೆ ಬಂದಾಗ ಲಿಂಗಪ್ಪ ತಲೆ ಎತ್ತಿದ.

"ನನ್ನಿಂದಾ?" ಎಂದು ಕೇಳಿದ.

ಕುಪ್ಪ ಗೋಡೆ ನೋಡುತ್ತಿದ್ದ.

"ಏ ಕುಪ್ಪ, ನನ್ನಿಂದಾ ನಿಂಗೆ ಹೆದ್ರಿಕೆ? ಹತ್ತು ವರ್ಷ ಆತು, ನಿನ್ನ ಮನೆ ಬದಿಗೆ ಬೆನ್ನು ಹಾಕಿ ನಾ ಒಂದ್ ದಿನ ನಡೀಲಿಲ್ಲ. ಅಂಚಿನ ಮೇಲೆ ಓರೆ ನಡೀತೆ, ಏಡಿ ನಡ್ದಂಗೆ. ನೋಡ್ದವ್ರು ನಗ್ತ್ರು. ಇವತ್ತು ಬಿದ್ದದ್ದೂ ಅದ್ಕೇ, ಮುಂದೆ ನೋಡಿ ನಡ್ದಿದ್ರೆ ಬೀಳ್ತಿರ್ಲಿಲ್ಲ."

ಅವನು ಹಾಗೆ ನಡೆಯುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೆ. ಸೊಂಟದ ನೋವು ಎಂದು ತಿಳಿದಿದ್ದೆ. ಅದು ನನ್ನ ತಪ್ಪು ಎಣಿಕೆ.

"ನಾನೂ ಗೋಡೆ ಬಿಟ್ಟು ಕೂತಿಲ್ಲ" ಎಂದ ಕುಪ್ಪ.

ಲಿಂಗಪ್ಪ ಮೂರು ಬೆರಳಿನ ಕೈಯಿಂದ ಕಾಲಿನ ಪಟ್ಟಿ ಸರಿಮಾಡಿಕೊಂಡ. "ಹಂದಿಗೆ ಅಂದ್ರೆ ಕೋವಿ ತಕಂಬಾ. ನನ್ನ ಶೇಂಗಾನೂ ಉಳೀತದೆ. ನಾ ಸಹಿ ಹಾಕೂದಿಲ್ಲ. ಆದ್ರೆ ಆ ಪ್ರಾಣದ ಮಾತು ತೆಗಿ. ಅದು ಅಲ್ಲಿ ಇರೂವರೆಗೆ ನಿನ್ನ ಕೋವಿ ಬಾಯಿ ನನ್ನ ಮನೆ ಬದಿಗೇ."

"ಮತ್ತೆ ನಿನ್ನ ತಮ್ಮ?"

"ಅಂವ ಗೋವೆ ಬೋಟಿನಲ್ಲಿ. ವರ್ಷಕ್ಕೊಂದ್ ಸಲ ಚೌತಿಗೆ ಬರ್ತ. ಬಂದ ದಿನ ನಾನೇ ಕೂಗಿ ಹೇಳ್ತೆ."

"ಅಂವಂಗೆ ಬೇಡ ಅಂತ ಹೇಳ್ತ್ಯಾ?"

"ಹೇಳ್ತೆ. ಕೇಳೂದು ಬಿಡೂದು ಅಂವಂಗೆ ಬಿಟ್ಟದ್ದು. ನಿಂಗೆ ಕೂಗಿ ಹೇಳೂದು ಮಾತ್ರ ನನ್ನ ಜವಾಬ್ದಾರಿ."

ನಿತ್ಯಾನಂದ ಪೆನ್ನನ್ನು ಅರ್ಜಿಯ ಮೇಲಿಟ್ಟು ಮುಂದೆ ತಳ್ಳಿದ. ಕುಪ್ಪ ಪೆನ್ನು ಹಿಡಿದ, ಇಟ್ಟ. ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದ. ಮತ್ತೆ ಹೋದ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅವನ ಕೋವಿಯ ಹಿಡಿಕೆ ಕಾಣುತ್ತಿತ್ತು. ನಾಲ್ಕನೆಯ ಸಲ ಬಂದವನು ನಿಂತುಕೊಂಡೇ 'ಪ್ರಾಣ ರಕ್ಷಣೆ' ಎಂಬುದರ ಮೇಲೂ ಎರಡು ಹೆಸರಿನ ಮೇಲೂ ಗೀಟು ಎಳೆದ. ಕಾಗದ ಹರಿಯುವಷ್ಟು ಒತ್ತಿ ಎಳೆದ.

ಆಮೇಲೆ ನನ್ನ ಹೇಳಿಕೆ. "ಅಮ್ಮ, ಇವ್ನ ಕೈಗೆ ಕೋವಿ ಕೊಟ್ರೆ ನಿಮ್ಗೆ ಹೆದ್ರಿಕೆ ಇದ್ಯಾ?" ಎಂದು ಕೇಳಿದ ನಿತ್ಯಾನಂದ.

ನ್ಯಾಯವಾಗಿ ಹೇಳಬೇಕಾದ ಮಾತು, ಅದಕ್ಕೆ ಹೊತ್ತು ತೆಗೆದುಕೊಂಡೆ. "ಆ ಕೋವಿ ಒಂದ್ ಸಲ ಹೊಡ್ದ್ರೆ ಮತ್ತೆ ಹೊಡ್ಯೂಕೆ ಮದ್ದು ಬೇಕು, ನಾರು ಬೇಕು, ಗಜ ಬೇಕು, ಕೇಪು ಬೇಕು. ಅಷ್ಟರ ಒಳಗೆ ಇವ್ನ ಸಿಟ್ಟು ಇಳೀತದೆ. ಕತ್ತಿಗೆ ಇಷ್ಟೆಲ್ಲ ಬೇಡ. ನಂಗೆ ಹೆದ್ರಿಕೆ ಕತ್ತಿದು" ಎಂದೆ.

ನಿತ್ಯಾನಂದ ಕೇಳಿಕೊಂಡ. ಬರೆದದ್ದು ಮಾತ್ರ 'ಆಕ್ಷೇಪಣೆ ಇಲ್ಲ' ಎಂದು. ನಾನು ಹೇಳಿದ್ದು ಅದಲ್ಲ ಎಂದೆ. ಅಷ್ಟು ಬರೆಯಲು ಇಲ್ಲಿ ಜಾಗ ಇಲ್ಲಮ್ಮ ಎಂದ. ಇದ್ದಷ್ಟಕ್ಕೆ ಸಹಿ ಹಾಕಿದೆ. ಮರದ ಕೋವಿಯನ್ನು ಬಿಡಲಿಲ್ಲ, ನಂಬರಿನ ಚೀಟಿ ಕಟ್ಟಿ ಒಳಗೆ ಇಟ್ಟರು. ಈಗ ಅಲ್ಲಿ ಕುಪ್ಪನ ಕೋವಿ ಎರಡಾದವು.

ಮಳೆ ಹಿಡಿದ ಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು. ಅರ್ಜಿದಾರರ ಹಿಂದಿನ ಶಿಕ್ಷೆಯನ್ನು ಗಮನಿಸಿ ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ಒಂದು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಎಂದೂ ಇತ್ತು. ಕುಪ್ಪ ಆ ದಿನವೇ ನೆನೆಯುತ್ತ ಜಯಂತಿಯ ಹತ್ತಿರ ಹೋಗಿ ಬರೆಸಿ ರಿಜಿಸ್ಟರ್ ಪೋಸ್ಟ್ ಮಾಡಿ ಬಂದ.

"ಶಿಕ್ಷೆ ಆಗಿದ್ದು ಅವ್ರಿಗೆ ಮೊದ್ಲೇ ಗೊತ್ತಿತ್ತಲ್ಲ. ಮತ್ತೆ ಐದ್ ವರ್ಷ ಎಂತಕ್ಕೆ ಕಾಯ್ಸಿದ್ರು?" ಎಂದು ನನ್ನನ್ನು ಕೇಳಿದ.

ಚೌತಿಗೆ ಮೂರು ದಿನ ಇರುವಾಗ, ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಲಿಂಗಪ್ಪ ತನ್ನ ಗದ್ದೆಯ ಅಂಚಿಗೆ ಬಂದು ನಿಂತು ನನ್ನ ಗದ್ದೆ ದಾಟುವಂತೆ ಕೂಗಿದ. "ಕುಪ್ಪಾ! ವಿನೋದ ಬಂದಿದ್ದಾ!" ಅಷ್ಟೇ ಹೇಳಿ ಹಿಂದಿರುಗಿದ. ಹಿಂದಿರುಗುವಾಗಲೂ ಓರೆಯಾಗಿಯೇ ನಡೆದ.

ಸ್ವಲ್ಪ ಹೊತ್ತಿಗೆ ಕುಪ್ಪ ಬಂದ. ಕಂಕುಳಲ್ಲಿ ಗೋಣಿಯ ಕಟ್ಟು. ಜಗಲಿಯ ಮೇಲೆ ಬಿಚ್ಚಿದ. ನಾಲ್ಕು ಕತ್ತಿ. ಕಾಯಿ ಸುಲಿಯುವುದು, ಸೊಪ್ಪು ಕಡಿಯುವುದು, ಎರಡು ಹುಲ್ಲಿನವು.

"ಅಂವ ಹೋಗೂವರೆಗೆ ಇದು ನಿಮ್ಮಲ್ಲಿರ್ಲಿ ಅತ್ತಿಗೆ. ನಾ ಕೇಳಿದ್ರೂ ಕೊಡ್ಬೇಡಿ."

"ಎಂತದಾ ಇದು? ಅಂವ ಬಂದಾಗ್ಲೇ ಕೈಲಿ ಏನಾದ್ರೂ ಬೇಕು ಅಂತಿದ್ದೆ ನೀನು."

"ಕೋವಿ ಬೇಕು ಅಂದಿದ್ದೆ. ತೋರ್ಸಿ ನಿಲ್ಲಿಸ್ಬಹುದು ಅದ್ನ." ಅವನು ಕೂರಲಿಲ್ಲ. ಕಂಬ ಹಿಡಿದು, ಬಿಟ್ಟು, ದಾರಿ ನೋಡಿದ. "ಕೋರ್ಟಿನಲ್ಲಿ ನೀವು ಎರಡು ಅಂದ್ರಲ್ಲ. ಮೊದ್ಲೇದು ನಂಗೆ ನೆನಪದೆ. ಹಾರೆ ಮೇಲೆ ಬಂದಿದ್ದು, ನಾ ಬೀಸಿದ್ದು, ಎಲ್ಲ. ಎರಡ್ನೇದು ಇವತ್ತಿಗೂ ನೆನಪಿಲ್ಲ ಅತ್ತಿಗೆ. ನೀವು ಹೇಳಿದ್ದಕ್ಕೆ ನಂಬಿದೆ. ಕೈ ತನ್ನಷ್ಟಕ್ಕೇ ಹೊಡ್ದದೆ. ಆ ಕೈ ಇನ್ನೂ ನಂದೇ ಅಲ್ವಾ."

ಇಷ್ಟು ವರ್ಷದಲ್ಲಿ ನನ್ನ ಸಾಕ್ಷಿಯ ಬಗ್ಗೆ ಅವನು ಮಾತಾಡಿದ್ದು ಅದೊಂದೇ ಸಲ.

"ಅಂವ ಬಂದ್ಬಿಟ್ರೆ ಎಂತ ಮಾಡ್ತ್ಯ?"

"ಓಡ್ತೆ. ಗಣಪಿನ್ನ ಕರ್ಕಂಡು ಇಲ್ಲಿಗೇ ಓಡ್ ಬರ್ತೆ. ಬಾಗ್ಲು ತೆಗ್ದಿಟ್ಕಂಬಿ."

ಕತ್ತಿಗಳನ್ನು ಬಚ್ಚಲಿನ ಹಂಡೆಯ ಹಿಂದೆ ಇಟ್ಟೆ. ಬಾಗಿಲನ್ನು ತೆರೆದಿಟ್ಟೆ. ಆ ದಿನಗಳಲ್ಲಿ ಕುಪ್ಪ ತನ್ನ ಅಂಗಳದಲ್ಲಿ ನಡೆದದ್ದಕ್ಕೆ ಲೆಕ್ಕವಿಲ್ಲ. ಚೌತಿಯ ಕಾಯಿ ಒಡೆಯಲು ಗಣಪಿ ಕಲ್ಲಿಗೇ ಕುಟ್ಟಿದಳು. "ನಮ್ಮನೇಲಿ ಈ ವರ್ಷ ಎಲ್ಲ ಕಲ್ಲಿನ ಕಾಲದ್ದು" ಎಂದು ಬೇಲಿಯಿಂದ ನನಗೆ ಕೂಗಿ ಹೇಳಿದಳು. ವಿನೋದ ಒಂದು ಮಧ್ಯಾಹ್ನ ದಾರಿಯಲ್ಲಿ ಬಂದ. ಕುಪ್ಪನ ಮನೆಯ ಎದುರು ನಿಂತು ಬೀಡಿ ಹಚ್ಚಿದ. ಕುಪ್ಪ ಜಗಲಿಯಿಂದ ಎದ್ದು ನಿಂತ. ಎರಡೂ ಕೈ ಕೆಳಗೆ ಇದ್ದವು, ಖಾಲಿ. ವಿನೋದ ಅವನ ಕೈಗಳನ್ನು ನೋಡಿದ, ಆಮೇಲೆ ತೆರೆದ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಬೀಡಿ ಪೂರ್ತಿ ಸೇದಿ ಮುಗಿಸಿ ಮುಂದೆ ಹೋದ. ಯಾಕೆ ಹೋದ ಎಂದು ನಾನು ಹೇಳಲಾರೆ.

ಚೌತಿಯ ಮಾರನೆಯ ಬೆಳಿಗ್ಗೆ ಲಿಂಗಪ್ಪ ಮತ್ತೆ ಅಂಚಿಗೆ ಬಂದು ಕೂಗಿದ. "ಹೋದಾ!"

ಕುಪ್ಪ ಕತ್ತಿಗಳಿಗೆ ಬಂದ. ಒಂದೊಂದರ ಬಾಯಿಯನ್ನೂ ಹೆಬ್ಬೆರಳಿನಿಂದ ನೋಡಿದ. "ಹಂಡೆ ಹಿಂದೆ ಇಟ್ರಾ? ತುಕ್ಕು ಬಂದದೆ" ಎಂದ. ಚಾ ಕೊಟ್ಟೆ. ನಿಂತುಕೊಂಡೇ ಕುಡಿದ.

"ಕೂತ್ಕಂಬಾ ಕುಪ್ಪ. ಅಂವ ಹೋದ್ನಲ್ಲ."

"ಇಲ್ಲ ಅತ್ತಿಗೆ. ಕೋವಿದು ಟಪಾಲು ಬಂತಾ ಕೇಳ್ಕಂಡ್ ಬರ್ತೆ."

ಮೂರು ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಗಣಪಿಗೆ ಕೊಡಲು ನನ್ನ ಜಗಲಿಯ ಮೇಲೆ ಬಿಟ್ಟ. ಸೊಪ್ಪಿನ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಅದನ್ನೂ ತೆಗೆದು ಗೋಣಿಯ ಮೇಲಿಟ್ಟು, ಟಪಾಲು ಕಚೇರಿಯ ದಾರಿ ಹಿಡಿದು ಬೇಗ ಬೇಗ ನಡೆದ. ಅವನು ತಿರುವು ದಾಟಿದ ಮೇಲೆ ನಾನು ಬಾಗಿಲು ಎಳೆದುಕೊಂಡೆ.